ಜುರಾಂದಿರನ ಮಣ್ಣು

"ತಲೆ ಸ್ವಲ್ಪ ನಿನ್ ಕಡೆ ತಿರುಗಿಸ್ಕೊಳ್ಳಮ್ಮ, ಕಿವಿ ಹತ್ರ ಇನ್ನೂ ಒಂಚೂರು ಉಳಿದಿದೆ," ಎಂದ ನಿವಾಲ್ದು.

ಮಾರ್ಲೂಸಿ ಎರಡೂ ಅಂಗೈಗಳಲ್ಲಿ ಜುರಾಂದಿರನ ತಲೆ ಹಿಡಿದು ಮೆಲ್ಲನೆ ತನ್ನತ್ತ ಹೊರಳಿಸಿದಳು. ಹಿಂದಿನ ದಿನ ಬೆಳಿಗ್ಗೆ ನಿವಾಲ್ದುವಿನ ಕ್ಷೌರದಂಗಡಿಯ ಕುರ್ಚಿಯಲ್ಲಿ, ಬಲಗೆನ್ನೆ ಮುಗಿದು ಎಡಗೆನ್ನೆಗೆ ನೊರೆ ಹಚ್ಚಿಸಿಕೊಳ್ಳುತ್ತಿರುವಾಗಲೇ ಜುರಾಂದಿರನ ಎದೆ ನಿಂತಿತ್ತು. ಈಗ ಕೆಳಗೇರಿಯ ಪುಟ್ಟ ಚರ್ಚಿನಲ್ಲಿ ತೆರೆದ ಶವಪೆಟ್ಟಿಗೆಯ ಪಕ್ಕ ಮಂಡಿಯೂರಿ ನಿವಾಲ್ದು ಉಳಿದ ಕೆನ್ನೆ ಮುಗಿಸುತ್ತಿದ್ದ. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಅರ್ಧ ಮುಖ ಬೋಳಿಸಿ ಕಳಿಸಿದ್ರೆ ಮೇಲೆ ನನ್ ಹೆಸರು ಏನಾಗ್ಬೇಡ? ನಾಳೆ ನಾನೂ ಅಲ್ಲಿಗೇ ಹೋಗೋನಲ್ವಾ."

ಗೋಡೆಗೊರಗಿ ಕುಳಿತಿದ್ದ ವಿಧವೆ ದಾಲ್ವಾ ಕಾಫಿಯ ಲೋಟದಿಂದ ಮುಖವೆತ್ತಿದಳು. "ಕೂತಲ್ಲೇ ಸಾಯ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ನಿವಾಲ್ದು. ಇವರು ಸಾಯೋದಾದ್ರೆ ಗುಡ್ಡ ಹತ್ತಿ ಓಡ್ತಾ ಓಡ್ತಾನೇ ಅಂದ್ಕೊಂಡಿದ್ದೆ."

ಬೆಂಚುಗಳ ಮೇಲಿದ್ದವರು ಬಾಯಿ ಮುಚ್ಚಿಕೊಂಡು ನಕ್ಕರು. ಜುರಾಂದಿರನ ಹೆದರಿಕೆ ಊರಿಗೆಲ್ಲ ಗೊತ್ತಿದ್ದದ್ದೇ. ಕಾರನ್ನು ಯಾವಾಗಲೂ ಗುಡ್ಡದ ಕಡೆ ಮೂತಿ ಮಾಡಿ ನಿಲ್ಲಿಸುವವನು. ಮಳೆಗಾಲ ಬಂತೆಂದರೆ ಬೂಟು ಹಾಕಿಕೊಂಡೇ ಮಲಗುವವನು. ಮದುವೆಮನೆಯಲ್ಲಾಗಲಿ ಸಾವಿನ ಮನೆಯಲ್ಲಾಗಲಿ ಬಾಗಿಲ ಪಕ್ಕದ ಜಾಗವನ್ನೇ ಹುಡುಕುವವನು. ಇವತ್ತು ಮಾತ್ರ ಅವನನ್ನು ಬಾಗಿಲಿಂದ ದೂರ, ಒಳಗೋಡೆಯ ಶಿಲುಬೆಯಡಿ ಮಲಗಿಸಿದ್ದರು.

ನಕ್ಕವರೂ ನಗು ಮುಗಿಸಿ ಒಂದು ಕ್ಷಣ ಕಿಟಕಿಯತ್ತ ನೋಡಿದರು. ಕಣಿವೆಯ ತಲೆಯಲ್ಲಿ ಕೆಸರುಕಟ್ಟೆ ಇತ್ತು. ಗಣಿಯಲ್ಲಿ ಕಬ್ಬಿಣದ ಅದಿರು ತೊಳೆದು ಬಿಟ್ಟ ಕೆಂಪು ಕೆಸರನ್ನೆಲ್ಲ ಎಷ್ಟೋ ಕಾಲದಿಂದ ಆ ಮಣ್ಣಿನ ಗೋಡೆಯ ಹಿಂದೆ ತುಂಬಿಸುತ್ತ ಬಂದಿದ್ದರು. ಆ ಗೋಡೆ ಒಡೆದರೆ ಮೊದಲು ಮುಳುಗುವುದು ಕೆಳಗೇರಿ. ಈಗ ಗೋಡೆಯ ಮೇಲೆ ಹುಲ್ಲು ಬೆಳೆದಿದೆ. ಹೊಸಬರಿಗೆ ಅದೊಂದು ಹಸಿರು ಗುಡ್ಡದಂತೆ ಕಾಣುತ್ತದೆ. ಕೆಳಗೇರಿಯವರು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಅದು' ಅನ್ನುತ್ತಾರೆ. ಆ ಸೀಮೆಯಲ್ಲಿ ಜನವರಿಯೇ ಮಳೆಗಾಲ; ಮೂರು ದಿನದಿಂದ ಸುರಿದ ಮಳೆ ಅಂದು ಬೆಳಿಗ್ಗೆಯಷ್ಟೇ ನಿಂತಿತ್ತು. ಅದರ ನೆತ್ತಿಯ ಮೇಲೆ ಮಂಜು ಕೂತಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಅಲ್ತಾಯಿರ್ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಚರ್ಚಿನಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಎದುರುಬದುರು ಮನೆಯವನಾದರೂ ಹಲವು ವರ್ಷಗಳಿಂದ ಜುರಾಂದಿರನ ಮುಖ ನೋಡದವನು ಅವನು. ಅವನು ನೇರವಾಗಿ ದಾಲ್ವಾಳ ಎದುರಿಗೆ ಬಂದ.

"ಹೊರೋಕೆ ಜನ ಸಾಕಾ?"

"ಒಬ್ಬರು ಕಮ್ಮಿ ಇದ್ದಾರೆ," ಎಂದಳು ದಾಲ್ವಾ. ಕಮ್ಮಿ ಇರಲಿಲ್ಲ.

"ಹಂಗಾದ್ರೆ ನಾನ್ ಬರ್ತೀನಿ."

ಆ ಹೊತ್ತಿಗೇ ಮಾರ್ಲೂಸಿಯ ಕೈಚೀಲದೊಳಗೆ ವಾಕಿಟಾಕಿ ಗರಗರ ಎಂದಿತು. ಶಬ್ದ ತಗ್ಗಿಸಿಟ್ಟಿದ್ದಳು, ಆರಿಸಿರಲಿಲ್ಲ. ಕೆಸರುಕಟ್ಟೆಯ ಮೇಲೆ ಕಣ್ಣಿಡುವ ಗುಡ್ಡದ ಮೇಲಿನ ಕಾವಲುಕೋಣೆಯಲ್ಲಿ ಇವತ್ತು ಒಬ್ಬನೇ ಕೂತಿದ್ದ ಅವಳ ಜೊತೆ ಕೆಲಸಗಾರ ಕ್ಲೆಬರನ ದನಿ ಅದು.

"ಮಾರ್ಲೂಸಿ, ಸಾರಿ, ಮಣ್ಣಿಗೆ ಹೋದೋಳನ್ನ ಕರೀಬಾರ್ದು, ಗೊತ್ತು. ತೆರೇಜಾ ಮಾತಾಡ್ತಾ ಇಲ್ಲ."

*

ಮಾರ್ಲೂಸಿ ಮೊದಲು ದಿನಸಿ ಅಂಗಡಿಯ ಗಲ್ಲಾದಲ್ಲಿದ್ದವಳು. ಕಾವಲುಕೋಣೆಗೆ ಕೆಲಸಕ್ಕೆಂದು ಬಂದ ದಿನ ಜುರಾಂದಿರ್ ಅವಳನ್ನು ಪರದೆಯ ಮುಂದೆ ಕೂರಿಸಿ, "ಬಾ, ನಮ್ಮತ್ತೆಯರ ಪರಿಚಯ ಮಾಡಿಸ್ತೀನಿ," ಎಂದಿದ್ದ.

ಪರದೆಯ ಮೇಲಿದ್ದದ್ದು ಕಟ್ಟೆಯ ನಕ್ಷೆ. ಅದರ ಮೈಮೇಲೆಲ್ಲ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ರೇಡಿಯೊ. ಕಟ್ಟೆಯ ಹೊಟ್ಟೆಯೊಳಗೆ ಇಳಿಬಿಟ್ಟ ಕೊಳವೆಯಲ್ಲಿ ನೀರಿನ ಒತ್ತಡ ಎಷ್ಟಿದೆ ಎಂದು ಅಳೆದು ಆ ರೇಡಿಯೊಗಳು ಸ್ವಲ್ಪ ಸ್ವಲ್ಪ ಹೊತ್ತಿಗೂ ಗಾಳಿಯಲ್ಲಿ ಸುದ್ದಿ ಕಳಿಸುತ್ತಿದ್ದವು. ಎದುರುಗುಡ್ಡದ ಗೋಪುರ ಅದನ್ನು ಹಿಡಿದು ಕಾವಲುಕೋಣೆಗೆ ದಾಟಿಸುತ್ತಿತ್ತು. ಗಣಿ ಕಂಪನಿ ರೇಡಿಯೊಗಳಿಗೆ ಅಂಕಿ ಕೊಟ್ಟಿತ್ತು. ಜುರಾಂದಿರನೋ ತನ್ನನ್ನು ಸಾಕಿದ ಅತ್ತೆಯರ ಹೆಸರಿಟ್ಟಿದ್ದ. ಎಡಮಗ್ಗುಲಿನಲ್ಲಿ ಬುಡಕ್ಕೆ ತೆರೇಜಾ, ನಡುವೆ ಒಲಿಂಪಿಯಾ, ನೆತ್ತಿಗೆ ಕಾರ್ಮೆಲಾ.

"ಇವರು ಹೇಳೋ ಲೆಕ್ಕ ಓದೋಕೆ ನಗರದಲ್ಲಿ ದೊಡ್ಡ ದೊಡ್ಡ ಎಂಜಿನಿಯರ್‌ಗಳಿದ್ದಾರೆ. ನಮ್ ಕೆಲಸ ಅದಲ್ಲ. ಇವರು ಮಾತಾಡ್ತಾ ಇದಾರಾ ಇಲ್ವಾ, ಅಷ್ಟೇ ನಮ್ ಕೆಲಸ. ಸುಮ್ಮನಾದ್ರೆ ಯಾಕೆ ಸುಮ್ಮನಾದ್ರು ಅಂತ ಹೋಗಿ ನೋಡ್ಬೇಕು."

ಸುಮ್ಮನಾಗುವುದಕ್ಕೆ ನೂರು ಕಾರಣ. ದಟ್ಟ ಮಂಜು ಬಿದ್ದರೆ ದನಿ ಕ್ಷೀಣಿಸುತ್ತದೆ, ಆಗ ಎಲ್ಲ ಅತ್ತೆಯರದ್ದೂ ಒಟ್ಟಿಗೇ ಕ್ಷೀಣಿಸುತ್ತದೆ. ನೀಲಗಿರಿ ಮರ ಬೆಳೆದು ಗೋಪುರಕ್ಕೆ ಅಡ್ಡ ಬಂದರೆ ಒಬ್ಬಳದ್ದು ಮಾತ್ರ ತಿಂಗಳುಗಟ್ಟಲೆ ಇಳಿಯುತ್ತ ಹೋಗುತ್ತದೆ. ಸೋಲಾರ್ ಫಲಕಕ್ಕೆ ಕೆಂಪು ಧೂಳು ಕೂತರೆ ಬ್ಯಾಟರಿ ಸೋತು ಅತ್ತೆ ಮುಸ್ಸಂಜೆಗೆಲ್ಲ ತೊದಲತೊಡಗುತ್ತಾಳೆ. ಇರುವೆ ತಂತಿ ಕಡಿಯುತ್ತದೆ, ಸಿಡಿಲು ಹೊಡೆಯುತ್ತದೆ, ಹಸು ಬಂದು ಮೈ ತಿಕ್ಕುತ್ತದೆ. ಜುರಾಂದಿರ್ ಏಣಿ, ಬಟ್ಟೆ, ಕತ್ತರಿ ಹೊತ್ತು ಕಟ್ಟೆಯ ಮೇಲೆಲ್ಲ ಓಡಾಡುತ್ತಿದ್ದ. ಹೆಜ್ಜೆ ಮಾತ್ರ ನಿದ್ದೆ ಹೋದ ಕೂಸಿನ ಕೋಣೆಯಲ್ಲಿ ನಡೆಯುವವನ ಹಾಗೆ ಇಡುತ್ತಿದ್ದ. ಮಾರ್ಲೂಸಿ ಒಮ್ಮೆ ನಕ್ಕುಬಿಟ್ಟಿದ್ದಳು.

"ಅಷ್ಟು ಭಯ ಇದ್ರೆ ಈ ಕೆಲಸ ಯಾಕಣ್ಣ ಮಾಡ್ತೀಯಾ? ಬಸ್ಸು ಹತ್ಕೊಂಡು ಎಲ್ಲಾದ್ರೂ ಹೋಗ್ಬಾರ್ದಾ?"

"ಹೋದ್ರೆ ಅಲ್ಲಿ ಕೂತ್ಕೊಂಡು ಇದು ಏನಾಯ್ತೋ ಅಂತ ಹೆದರ್ಬೇಕು. ಇಲ್ಲಿದ್ರೆ ನೋಡ್ಕೊಂಡು ಹೆದರಬಹುದು," ಎಂದಿದ್ದ.

ಕೊನೆಗೊಂದು ಮಾತು ಹೇಳಿದ್ದ, ನಗದೆ. "ಜೋರಾಗಿ ಮಾತಾಡ್ತಾ ಇದ್ದೋಳು ಮಾತಿನ ಮಧ್ಯೆ ಥಟ್ಟಂತ ನಿಂತ್ರೆ ಎರಡೇ ಅರ್ಥ. ಯಾರೋ ಅವಳ ಕತ್ತು ಹಿಡಿದಿದ್ದಾರೆ. ಇಲ್ಲಾ, ಅವಳು ನಿಂತಿದ್ದ ನೆಲ ಹೋಗಿದೆ."

*

ಮಾರ್ಲೂಸಿ ಚರ್ಚಿನ ಹಿಂಬದಿಗೆ ಬಂದು ವಾಕಿಟಾಕಿಯನ್ನು ಬಾಯಿಗೆ ಹಿಡಿದಳು.

"ತೊದಲ್ತಾ ಇದ್ಲಾ ಮೊದಲು?"

"ಇಲ್ಲ. ಫುಲ್ ದನಿ. ಬ್ಯಾಟರಿನೂ ಚೆನ್ನಾಗಿತ್ತು. ಥಟ್ಟಂತ ಇಲ್ಲ."

"ಗೋಪುರ?"

"ಗೋಪುರ ಸರಿ ಇದೆ. ಬಲಮಗ್ಗುಲವರೆಲ್ಲ ಅದ್ರಲ್ಲೇ ಮಾತಾಡ್ತಾ ಇದ್ದಾರೆ. ಮಂಜು ಇದೆ, ಆದ್ರೆ ಉಳಿದವರಿಗೇನೂ ಆಗಿಲ್ಲ ಅಲ್ವಾ?" ಕ್ಲೆಬರ್ ಕೀಲಿಮಣೆ ಕುಟ್ಟಿದ್ದು ಕೇಳಿಸಿತು. "ಕಟ್ಟೆ ಕಾಣಿಸ್ತಾ ಇಲ್ಲ ಮಾರ್ಲೂಸಿ. ಕ್ಯಾಮೆರಾದಲ್ಲಿ ಬರೀ ಬಿಳಿ."

"ನಗರಕ್ಕೆ ಹೇಳಿದ್ಯಾ?"

"ಹೇಳ್ದೆ. ಕಳ್ಳರಿರ್ಬೇಕು ಅಂದ್ರು. ಊರೆಲ್ಲ ಮಣ್ಣಿಗೆ ಹೋಗಿರುತ್ತೆ, ಬ್ಯಾಟರಿ ಕದಿಯೋರಿಗೆ ಇದಕ್ಕಿಂತ ಒಳ್ಳೆ ದಿನ ಯಾವ್ದು ಅಂದ್ರು. ಗೇಟಿನ ಕಾವಲಿನವನನ್ನ ಜೀಪಲ್ಲಿ ಕಳಿಸಿ ನೋಡಿಸು, ಸೈರನ್ ಮುಟ್ಟಬೇಡ ಅಂದ್ರು. ಕಳಿಸಿದ್ದೀನಿ. ಅವನಿನ್ನೂ ದಾರೀಲಿದಾನೆ."

ಅವರು ಹೇಳಿದ್ದು ತಪ್ಪೆನ್ನುವ ಹಾಗೂ ಇರಲಿಲ್ಲ. ಮಾರ್ಲೂಸಿಯೇ ಆ ಕುರ್ಚಿಯಲ್ಲಿ ಕೂತಿದ್ದರೆ ಅವಳಿಗೆ ಮೊದಲು ಹೊಳೆಯುತ್ತಿದ್ದದ್ದೂ ಅದೇ. ಒಳಗಿನಿಂದ ಪ್ರಾರ್ಥನೆಯ ಕೊನೆಯ ಸಾಲುಗಳು ಕೇಳಿಸಿದವು. ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಹಾಕುವ ಸದ್ದು. ದಾಲ್ವಾ ಒಂದೇ ಸಲ "ಅಯ್ಯೋ" ಎಂದದ್ದು.

ಹೊರುವವರು ಹೆಗಲು ಕೊಟ್ಟು ಹೊರಗೆ ಬಂದರು. ಮುಂದಿನ ಎಡಬದಿಗೆ ಅಲ್ತಾಯಿರ್ ಇದ್ದ. ಮೆರವಣಿಗೆ ಹಳ್ಳದ ದಾರಿ ಹಿಡಿದು ಕೆಳಗೆ ಹೊರಟಿತು. ಊರಿನ ಸ್ಮಶಾನ ಇನ್ನೂ ತಗ್ಗಿನಲ್ಲಿತ್ತು, ಹಳ್ಳದ ಪಕ್ಕದಲ್ಲೇ. ಗುಂಡಿ ತೋಡುವ ಬೆನೆ ಆಗಲೇ ಅಲ್ಲಿ ಕಾಯುತ್ತಿದ್ದ.

ಮಾರ್ಲೂಸಿ ಹಿಂದೆ ಹಿಂದೆ ನಡೆದಳು. ಚೀಲದೊಳಗೆ ಮತ್ತೆ ಗರಗರ.

"ಒಲಿಂಪಿಯಾನೂ ಹೋದ್ಲು," ಎಂದ ಕ್ಲೆಬರ್. "ಅದೇ ಥರ. ಮಾತಿನ ಮಧ್ಯೆ."

*

ಬುಡದವಳು, ಆಮೇಲೆ ನಡುವಿನವಳು, ಆಮೇಲೆ ನೆತ್ತಿಯವಳು. ಅಂಥದ್ದೊಂದು ಸಂಜೆ ಹಿಂದೊಮ್ಮೆ ಆಗಿತ್ತು. ಮಾರ್ಲೂಸಿ ಆಗಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಅವಳೂ ಓಡಿದವರಲ್ಲೊಬ್ಬಳು.

ಜುರಾಂದಿರ್ ಪರದೆಯ ಮುಂದೆ ಒಬ್ಬನೇ ಇದ್ದ. ಮೂರು ಚುಕ್ಕಿಗಳು ಕೆಳಗಿಂದ ಮೇಲಕ್ಕೆ ಆರಿದವು. ಅವನು ಯಾರನ್ನೂ ಕೇಳಲಿಲ್ಲ. ಆಗ ಕೇಳಬೇಕೆಂಬ ನಿಯಮವೂ ಇರಲಿಲ್ಲ. ಸೈರನ್ ಒತ್ತಿದ. ಕಣಿವೆಯ ಕಂಬಗಳೆಲ್ಲ ಒಟ್ಟಿಗೆ ಕೂಗಿದವು. ಒಲೆ ಮೇಲೆ ಹುರುಳಿ ಬಿಟ್ಟು, ಸ್ನಾನದಲ್ಲಿದ್ದವರು ಒದ್ದೆ ಮೈಯಲ್ಲೇ, ಕಲ್ಲುಮೆಟ್ಟಿಲಿನ ಓಣಿಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತ ಗುಡ್ಡಕ್ಕೆ ಓಡಿದರು. ಅಲ್ತಾಯಿರನ ತಾಯಿ ಜುಲ್ಮೀರಾ ಆ ಮೆಟ್ಟಿಲುಗಳ ಮೇಲೆ ಮುಗ್ಗರಿಸಿದಳು. ಅವಳು ಬಿದ್ದಿದ್ದಾಳೆಂದು ಹಿಂದೆ ಬರುತ್ತಿದ್ದವರಿಗೆ ಗೊತ್ತಾಗಲಿಲ್ಲ.

ಕಟ್ಟೆಗೆ ಏನೂ ಆಗಿರಲಿಲ್ಲ. ಯಾರೋ ಕೆಳಗಿಂದ ಮೇಲಕ್ಕೆ ಹತ್ತುತ್ತ ಒಂದಾದ ಮೇಲೊಂದು ರೇಡಿಯೊದ ಬ್ಯಾಟರಿ ಕಿತ್ತುಕೊಂಡು ಹೋಗಿದ್ದರು.

ಅದಾದ ಮೇಲೆ ಸೈರನ್ನಿನ ಅಪ್ಪಣೆ ನಗರದ ಕಚೇರಿಗೆ ಹೋಯಿತು. ಒತ್ತುವ ಗುಂಡಿ ಕಾವಲುಕೋಣೆಯಲ್ಲೇ ಉಳಿಯಿತು, ಅದರ ಮೇಲೊಂದು ಗಾಜಿನ ಮುಚ್ಚಳ ಬಂತು. ಜುರಾಂದಿರನ ಕೆಲಸ ಹೋಗಲಿಲ್ಲ. ಆದರೆ ಅಂದಿನಿಂದ ಅವನು ತನ್ನ ಮನೆಗೆ ಮುಂಬಾಗಿಲಿಂದ ಹೋಗುವುದನ್ನೇ ಬಿಟ್ಟ. ಎದುರಿನ ಜಗಲಿಯಲ್ಲಿ ಜುಲ್ಮೀರಾಳ ಖಾಲಿ ಕುರ್ಚಿ ಕಾಣುತ್ತಿತ್ತು. ಹಿತ್ತಲ ಬೇಲಿಯ ತಂತಿ ಎತ್ತಿ, ಬಗ್ಗಿ, ಕಳ್ಳನ ಹಾಗೆ ಒಳಗೆ ನುಸುಳುತ್ತಿದ್ದ. ದಾಲ್ವಾ ಆ ತಂತಿಗೆ ಹಳೇ ಬಟ್ಟೆ ಸುತ್ತಿದ್ದಳು, ಬೆನ್ನಿಗೆ ಚುಚ್ಚದಿರಲಿ ಎಂದು.

ಒಮ್ಮೆ ಇಬ್ಬರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಮಾರ್ಲೂಸಿ ಕೇಳಿಯೇಬಿಟ್ಟಿದ್ದಳು. "ಮತ್ತೆ ಹಂಗೇ ಆದ್ರೆ ಏನ್ ಮಾಡ್ತೀಯಣ್ಣ?"

ಜುರಾಂದಿರ್ ಅನ್ನ ಕೆದಕಿದ. "ಮತ್ತೆ ಒತ್ತುತೀನಿ," ಎಂದ. "ಅದೇ ನಂಗೆ ಭಯ. ಜುಲ್ಮೀರಾನ ಕೊಂದಿದ್ದು ಗೊತ್ತಿದ್ದೂ ಒತ್ತುತೀನಿ." ಆಮೇಲೆ ತುತ್ತು ಬಾಯಿಗಿಡದೆ ಡಬ್ಬಿ ಮುಚ್ಚಿದ. "ಆ ಸೈರನ್ ಇದೆಯಲ್ಲ, ಅದು 'ಬನ್ನಿ' ಅನ್ನಲ್ಲ ಮಾರ್ಲೂಸಿ. 'ಸಾಯ್ತೀರಿ' ಅನ್ನುತ್ತೆ. ಮನೆಮನೆಗೆ ಹೋಗಿ ಬಾಗಿಲು ತಟ್ಟಿ ಕೈ ಹಿಡ್ಕೊಂಡು ಕರ್ಕೊಂಡು ಹೋಗೋ ಹಂಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

*

ಹಳ್ಳದ ದಾರಿ ಒಂದು ಕಡೆ ಕವಲೊಡೆಯುತ್ತದೆ. ಕೆಳಗಿನದು ಸ್ಮಶಾನಕ್ಕೆ, ಮೇಲಿನದು ಗುಡ್ಡದ ಭುಜದ ಮೇಲಿನ ಫುಟ್‌ಬಾಲ್ ಮೈದಾನಕ್ಕೆ. ಮೆರವಣಿಗೆ ಆ ಕವಲು ತಲುಪುವ ಹೊತ್ತಿಗೆ ಮಾರ್ಲೂಸಿ ಹೆಜ್ಜೆ ನಿಧಾನಿಸಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಕಳ್ಳರಿರಬಹುದು. ಇವತ್ತು ಕಳ್ಳರು ಬರದೆ ಇನ್ನು ಯಾವತ್ತು ಬರಬೇಕು? ಎದುರಿಗೆ ಮುದುಕಿಯರಿದ್ದರು, ಬಸುರಿಯೊಬ್ಬಳಿದ್ದಳು, ಎಲ್ಲರ ಹೆಗಲ ಮಧ್ಯೆ ಒಂದು ಹೆಣ ಇತ್ತು. ಹಳ್ಳದ ನೀರನ್ನು ನೋಡಿದಳು. ಬೆಳಿಗ್ಗೆ ಟೀಯ ಬಣ್ಣಕ್ಕಿದ್ದದ್ದು ಈಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಳೆ ಬಂದಾಗ ಹಾಗೂ ಆಗುವುದುಂಟು.

"ಮಾರ್ಲೂಸಿ." ಕ್ಲೆಬರನ ದನಿ ಮಗುವಿನ ದನಿಯಾಗಿತ್ತು. "ಕಾರ್ಮೆಲಾನೂ."

ಅವಳು ಓಡಲಿಲ್ಲ. ಹೆಣಕ್ಕೆ ಬಂದವರ ಪಕ್ಕದಿಂದ ಬಿರಬಿರನೆ ನಡೆದು ಹೋಗಿ, ಪೆಟ್ಟಿಗೆಯ ಮುಂದೆ, ಕೆಳದಾರಿಗೆ ಅಡ್ಡ ನಿಂತಳು.

"ಈ ಕಡೆ ಬೇಡ. ಮೇಲೆ ಹೋಗೋಣ."

"ಏನಮ್ಮ ಇದು?" ಎಂದರು ಪಾದ್ರಿ. "ಸ್ಮಶಾನ ಕೆಳಗಿದೆ."

"ಎಡಮಗ್ಗುಲಲ್ಲಿ ಮೂರೂ ರೇಡಿಯೊ ಸುಮ್ಮನಾಗಿವೆ ಫಾದರ್. ಕೆಳಗಿಂದ ಮೇಲಕ್ಕೆ."

ಗುಂಪಿನಲ್ಲಿ ಗಾಳಿ ಬೀಸಿದಂತೆ ಒಂದು ಸದ್ದು ಹರಿಯಿತು. ಯಾರೋ "ಅಯ್ಯೋ ಮಾತೆ" ಎಂದರು. ನಿವಾಲ್ದು ಮಾರ್ಲೂಸಿಯ ತೋಳು ಹಿಡಿದು ಪಿಸುಗುಟ್ಟಿದ, "ಹೋದ್ಸಲನೂ ಹಿಂಗೇ ಅಲ್ವೇನಮ್ಮ? ಅಲ್ತಾಯಿರ್ ಮುಂದೆ ಈ ಮಾತು ಆಡ್ತೀಯಲ್ಲ, ಬುದ್ಧಿ ಇದ್ಯಾ?"

"ಹೋದ್ಸಲನೂ ಹಿಂಗೇ," ಎಂದಳು ಮಾರ್ಲೂಸಿ, ಅಲ್ತಾಯಿರನ ಮುಖ ನೋಡುತ್ತ. "ಕಳ್ಳರೇ ಇರಬಹುದು. ನಂಗೊತ್ತಿಲ್ಲ. ನಿಮ್ಮನ್ನ ಓಡಿ ಅಂತಿಲ್ಲ. ನಡೀರಿ ಅಂತಿದೀನಿ."

ಪೆಟ್ಟಿಗೆಯ ಅಂಚು ಅಲ್ತಾಯಿರನ ಕೆನ್ನೆಗೆ ಒತ್ತಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ದಾಲ್ವಾ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. "ನನ್ ಗಂಡನ ಮಣ್ಣು ಇದು. ಎಲ್ಲಿಗೆ ಅಂತ ನಾನ್ ಹೇಳ್ತೀನಿ," ಎಂದಳು. "ಬದುಕಿರೋವರೆಗೂ ಗುಡ್ಡದ ಕಡೆ ಮುಖ ಮಾಡ್ಕೊಂಡಿದ್ದೋರು. ಮೇಲಕ್ಕೆ ಕರ್ಕೊಂಡ್ ಹೋಗ್ರಪ್ಪ."

"ಎಡಗಾಲು ಮೊದಲು," ಎಂದ ಅಲ್ತಾಯಿರ್ ಜೊತೆಗಾರರಿಗೆ. "ಏರು ಇದೆ. ಹಿಂದಿನೋರು ಎತ್ತಿ ಹಿಡೀರಿ."

ಪೆಟ್ಟಿಗೆ ತಿರುಗಿತು. ಅದರ ಹಿಂದೆ ಊರು ತಿರುಗಿತು. ಮಾರ್ಲೂಸಿ ಚೀಲದಿಂದ ವಾಕಿಟಾಕಿ ತೆಗೆದಳು.

"ಕ್ಲೆಬರ್, ಗಾಜು ಎತ್ತು."

"ಅಪ್ಪಣೆ ಇಲ್ಲ. ಕೇಳ್ದೆ. ಕಾವಲಿನವನು ನೋಡಿ ಹೇಳ್ಲಿ ಅಂತಿದಾರೆ."

"ಕಾವಲಿನವನು ಏನಂತಾನೆ?"

ಅತ್ತ ಕಡೆ ಬರೀ ಗರಗರ. ಆಮೇಲೆ, "ಅವನೂ ಉತ್ತರ ಕೊಡ್ತಾ ಇಲ್ಲ."

"ಸ್ಮಶಾನದಲ್ಲಿ ಬೆನೆ ಇದಾನೆ. ಮನೆಗಳಲ್ಲಿ ಇನ್ನೂ ಜನ ಇದಾರೆ. ಅವರ ಬಾಗಿಲು ತಟ್ಟೋಕೆ ಯಾರಿದಾರೆ ಹೇಳು. ಒತ್ತೋದು ಬಿಡೋದು ನಿಂಗೆ ಬಿಟ್ಟಿದ್ದು. ನಾನಾಗಿದ್ರೆ ಒತ್ತುತಿದ್ದೆ."

ಏರಿನ ಅರ್ಧದಲ್ಲಿದ್ದಾಗ ಕಣಿವೆ ಕೂಗಿತು. ಮೊದಲು ಒಂದು ಕಂಬ, ಆಮೇಲೆ ಎಲ್ಲ ಕಂಬಗಳು. ಆ ಕೂಗು ಕಿವಿಯಿಂದಲ್ಲ, ಹೊಟ್ಟೆಯಿಂದ ಒಳಗೆ ಹೋಗುವಂಥದ್ದು. ಮೆರವಣಿಗೆ ಒಮ್ಮೆ ನಡುಗಿ ಒಡೆಯಿತು. ಹಿಂದಿದ್ದವರು ಮುಂದಿದ್ದವರನ್ನು ತಳ್ಳಿದರು. ಬಸುರಿ ಮಂಡಿಯೂರಿ ಬಿದ್ದಳು.

"ಓಡಬೇಡ್ರೋ!"

ಅಲ್ತಾಯಿರ್ ತಿರುಗಿ ನಿಂತಿದ್ದ. ಕತ್ತಿನ ನರ ಉಬ್ಬಿತ್ತು. ಹೆಗಲ ಮೇಲೆ ಪೆಟ್ಟಿಗೆ ವಾಲಿತ್ತು.

"ಓಡಬೇಡ್ರೋ ಅಂದೆ! ಪಕ್ಕದೋರ ಕೈ ಹಿಡ್ಕೊಳ್ಳಿ! ಆ ಹುಡುಗೀನ ಎತ್ರಿ! ಯಾರಾದ್ರೂ ಈ ಪೆಟ್ಟಿಗೆ ದಾಟಿ ಮುಂದೆ ಹೋದ್ರೆ ಕಾಲು ಮುರೀತೀನಿ!"

ಅಷ್ಟು ಜನರ ಮೇಲೆ ಆ ಒಂದು ಗಂಟಲು ಹೇಗೆ ನಿಂತಿತೋ. ಜನ ಕೈ ಹಿಡಿದುಕೊಂಡರು. ಹೆಣದ ನಡಿಗೆಗೆ ನಡಿಗೆ ಸೇರಿಸಿ, ಅಳುತ್ತ, ಬೈಯುತ್ತ, ಪ್ರಾರ್ಥನೆ ಗೊಣಗುತ್ತ ಹತ್ತಿದರು. ಕೆಳಗಿನ ಮನೆಗಳಿಂದಲೂ ಜನ ಹೊರಬಿದ್ದು ಹಿಂದೆ ಸೇರಿಕೊಂಡರು.

ಮೈದಾನ ಮುಟ್ಟಿದ ಮೇಲೆ ಆ ಸದ್ದು ಬಂತು. ದೊಡ್ಡದೇನಲ್ಲ. ಮಂಜಿನ ಹಿಂದೆ ಯಾರೋ ಭಾರದ ಕಪಾಟೊಂದನ್ನು ನೆಲದ ಮೇಲೆ ಎಳೆದ ಹಾಗೆ. ಆಮೇಲೆ ನೀಲಗಿರಿ ಮರಗಳು ಮುರಿಯುವ ಚಟಚಟ. ಕಣಿವೆಯ ಬಾಯಿಂದ ಕೆಂಪು ಗಂಜಿಯಂಥದ್ದು ಮೆಲ್ಲಗೆ, ಆತುರವೇ ಇಲ್ಲದ ಹಾಗೆ, ಹಳ್ಳ ತುಂಬಿ, ಹಳ್ಳ ಸಾಲದೆ ದಾರಿ ತುಂಬಿ ಇಳಿದು ಬಂತು. ಅವರು ಆಗಷ್ಟೇ ನಿಂತಿದ್ದ ಕವಲು ಕಾಣದಾಯಿತು. ಚರ್ಚಿನ ಬಾಗಿಲು ಒಳಕ್ಕೆ ಹೋಯಿತು. ಸ್ಮಶಾನದ ಶಿಲುಬೆಗಳು ಒಂದೊಂದಾಗಿ ಬಗ್ಗಿ ಮುಳುಗಿದವು. ಜುರಾಂದಿರನಿಗೆಂದು ತೋಡಿದ್ದ ಗುಂಡಿ ತುಂಬಿತು, ಅದರ ಮೇಲೂ ಹರಿಯಿತು.

"ಬೆನೆ!" ಎಂದು ಕಿರುಚಿದಳು ಅವನ ಅಕ್ಕ. "ಬೆನೆ ಅಲ್ಲಿದಾನೆ!"

ಬಹಳ ಹೊತ್ತು ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ಆಚೆದಂಡೆಯ ಇಳಿಜಾರಿನಲ್ಲಿ, ಸೊಂಟದವರೆಗೆ ಕೆಂಪಾದ ಒಂದು ಆಕೃತಿ ನಾಲ್ಕೂ ಕಾಲಲ್ಲಿ ತೆವಳಿ ಹತ್ತಿ, ಕೂತು, ತಲೆ ಮೇಲೆ ಕೈ ಹೊತ್ತುಕೊಂಡಿತು. ಅಕ್ಕ ಅವನ ಹೆಸರು ಕೂಗುತ್ತಲೇ ಇದ್ದಳು. ಅವನಿಗೆ ಕೇಳಿಸುವಂತಿರಲಿಲ್ಲ.

ಕೆಸರು ನಿಂತಿತು. ಎಡಮಗ್ಗುಲಿನ ಒಂದು ತುಂಡು ಮಾತ್ರ ಜಾರಿತ್ತು. ಮಂಜು ಹರಿದಾಗ ಅದು ಕಂಡಿತು: ಹಸಿರು ಮೈಯಲ್ಲಿ ಹಸಿ ಗಾಯದಂಥ ಬಾಯಿ, ಅದರ ಮೇಲೆ ಹಾಗೇ ನಿಂತ ಉಳಿದ ಕಟ್ಟೆ. ಕಾವಲಿನವನು ಸಿಕ್ಕಿದ್ದನ್ನು ಕ್ಲೆಬರ್ ಆಮೇಲೆ ಹೇಳಿದ. ಜೀಪನ್ನು ದಾರಿಯಲ್ಲೇ ಬಿಟ್ಟು ಕಾಡಿನೊಳಗೆ ಓಡಿದ್ದನಂತೆ, ಬದುಕಿದ್ದ.

"ಬಲಮಗ್ಗುಲು?" ಎಂದು ಕೇಳಿದಳು ಮಾರ್ಲೂಸಿ.

"ಮಾತಾಡ್ತಾ ಇದ್ದಾರೆ," ಎಂದ ಕ್ಲೆಬರ್. "ನೀರಿನ ಒತ್ತಡದ ಲೆಕ್ಕ ಮಾತ್ರ ಏರ್ತಾ ಇದೆ."

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಕೇಳಬೇಕಾದವರಿಗೆ ಅವಳ ಮುಖದಲ್ಲೇ ಕೇಳಿಸಿತ್ತು. ಸೈರನ್ ನಿಂತಿತ್ತು. ಮೈದಾನದ ತುಂಬ ಜನ ನಿಂತಿದ್ದರು, ಯಾರೂ ಕೂತಿರಲಿಲ್ಲ. ಹುಲ್ಲಿನ ಮೇಲೆ ನೀರಿನ ಹನಿಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು.

"ಪೆಟ್ಟಿಗೆ ಇಳಿಸ್ರಪ್ಪ," ಎಂದರು ಪಾದ್ರಿ. "ಎಷ್ಟೊತ್ತು ಹೊತ್ಕೊಂಡಿರ್ತೀರಿ?"

ಅಲ್ತಾಯಿರ್ ಕಾಲ ಬುಡ ನೋಡಿಕೊಂಡ. ಬೂಟಿನ ತುದಿಯಿಂದ ನೆಲವನ್ನೊಮ್ಮೆ ಒತ್ತಿ ನೋಡಿದ. ಅದು ಇನ್ನೂ ಸಣ್ಣಗೆ ಅದುರುತ್ತಿತ್ತು. ತಲೆಯಾಡಿಸಿದ. ಉಳಿದ ಹೊರುವವರೂ ಅಲುಗಲಿಲ್ಲ.

ಅವನ ತೋಳು ನಡುಗುವುದನ್ನು ನೋಡಿ ನಿವಾಲ್ದು ಬಂದು ಅವನ ಹಿಂದೆ ತನ್ನ ಭುಜ ಕೊಟ್ಟ. ಆಚೆ ಬದಿಗೆ ಇನ್ನೊಬ್ಬ. ಮಾರ್ಲೂಸಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡುವೆ ನಿಂತು ಕುತ್ತಿಗೆ ಬಗ್ಗಿಸಿದಳು. ಕೊನೆಗೆ ದಾಲ್ವಾ ಬಂದಳು. ಗಿಡ್ಡ ಹೆಂಗಸು, ಅವಳ ಹೆಗಲು ಅಲ್ಲಿಗೆ ಎಟುಕಲಿಲ್ಲ. ಕೈ ಮೇಲೆತ್ತಿ, ಬೆರಳ ತುದಿಗಳನ್ನು ಪೆಟ್ಟಿಗೆಯ ತಳಕ್ಕೆ ಒತ್ತಿ ಹಿಡಿದು, ಎಲ್ಲರ ಜೊತೆ ಕಟ್ಟೆಯ ಕಡೆಗೆ ಮುಖ ಮಾಡಿ ನಿಂತಳು.